ಜಿಲ್ಲೆ ಬಿಟ್ಟು ಹಳ್ಳ ಹಿಡಿದ ಗ್ರಂಥಸೂಚಿ: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಎಂ.ಲಿಬ್.ಐ.ಎಸ್ಸಿ. (ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ) ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಎಂದರೆ ಸಾಮಾನ್ಯವಾಗಿ ಯಾವುದೋ ಕಾಲೇಜು ಗ್ರಂಥಾಲಯದ ಬಳಕೆದಾರರ ಸಮೀಕ್ಷೆ. ಪ್ರಶ್ನಾವಳಿ ಹಂಚು, ಬಂದಷ್ಟನ್ನು ಎಣಿಸು, ಶೇಕಡಾವಾರು ಕೋಷ್ಟಕ ಹಾಕು, ಬೈಂಡ್ ಮಾಡಿಸಿ ಕೊಡು. ದಾವಣಗೆರೆಯಲ್ಲಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿ ಆ ದಾರಿ ಬಿಟ್ಟು ಟಿಪ್ಪಣಿ ಸಹಿತ ಗ್ರಂಥಸೂಚಿಗೆ, ಅಂದರೆ ಆಕರಗಳ ಪಟ್ಟಿ ಮಾಡಿ ಪ್ರತಿಯೊಂದರಲ್ಲೂ ಏನಿದೆ ಎಂದು ಬರೆಯುವ ಕೆಲಸಕ್ಕೆ, ಕೈಹಾಕಿದ. ಅದೂ ಸುಮ್ಮನೆ ಒಂದು ವಿಷಯಕ್ಕಲ್ಲ, ಒಬ್ಬ ನಿಜವಾದ ಓದುಗರಿಗಾಗಿ. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಕೆರೆಗಳನ್ನು ಯಾರು ಕಟ್ಟಿಸಿದರು, ಯಾರು ನೋಡಿಕೊಂಡರು, ನೀರು ಹೇಗೆ ಹಂಚಿದರು ಎಂಬುದರ ಮೇಲೆ ಇತಿಹಾಸ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಸಂಶೋಧಕಿಯೊಬ್ಬರಿಗೆ ಅದು ಬೇಕಿತ್ತು. ಕಾಲದ ಮಿತಿ ವಿಜಯನಗರದ ಆರಂಭದಿಂದ 1907ರವರೆಗೆ. 1907 ಯಾಕೆಂದರೆ ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟಿದ ಅಣೆಕಟ್ಟು, ಈಗಿನ ವಾಣಿವಿಲಾಸ ಸಾಗರ, ಮುಗಿದದ್ದು ಆ ವರ್ಷ. ಅಲ್ಲಿಂದ ಮುಂದೆ ಈ ಸೀಮೆಯ ನೀರಿನ ಕಥೆಯೇ ಬೇರೆ.

ಸಂಸ್ಥೆ, ವರ್ಷ, ಹೆಸರು ಎಲ್ಲವನ್ನೂ ಇಲ್ಲಿ ಮರೆಮಾಡಿದೆ. ಊರು, ಕೆರೆ, ಗ್ರಂಥಗಳ ಹೆಸರು ಮಾತ್ರ ಇದ್ದ ಹಾಗೇ ಇವೆ, ಏಕೆಂದರೆ ಪ್ರಕರಣದ ತಿರುಳು ಅವುಗಳಲ್ಲೇ ಇದೆ.

ಕೈಯಲ್ಲಿದ್ದದ್ದು 16 ವಾರ. ಗೈಡ್ ಹಾಕಿಕೊಟ್ಟ ಲೆಕ್ಕ: 5 ವಾರ ಸಂಗ್ರಹ, 6 ವಾರ ಪರಿಶೀಲನೆ, 3 ವಾರ ಟಿಪ್ಪಣಿ, 2 ವಾರ ಸೂಚಿ ಮತ್ತು ಮುದ್ರಣ. ಕಾಗದದ ಮೇಲೆ ಚೆನ್ನಾಗಿತ್ತು.

ಮೊದಲ ಐದು ವಾರ

ತರಗತಿಯಲ್ಲಿ ಕಲಿತ ಕ್ರಮದಲ್ಲೇ ವಿದ್ಯಾರ್ಥಿ ಹೊರಟ. ವಿಶ್ವವಿದ್ಯಾಲಯದ ಕ್ಯಾಟಲಾಗ್, ಇಂಡ್‌ಕ್ಯಾಟ್, ವರ್ಲ್ಡ್‌ಕ್ಯಾಟ್ ಎಂಬ ಹಲವು ಗ್ರಂಥಾಲಯಗಳ ಜಂಟಿ ಕ್ಯಾಟಲಾಗುಗಳು, ಪಿಎಚ್.ಡಿ. ಪ್ರಬಂಧಗಳ ಭಂಡಾರ ಶೋಧಗಂಗಾ, ಗೂಗಲ್ ಸ್ಕಾಲರ್; ಸಿಕ್ಕಿದ್ದನ್ನೆಲ್ಲ ಉಲ್ಲೇಖಗಳನ್ನು ಜೋಡಿಸಿಡುವ ಝೊಟೆರೊ ತಂತ್ರಾಂಶಕ್ಕೆ ಎಳೆದುಕೊಂಡ. ಐದನೇ ವಾರದ ಕೊನೆಗೆ 1,126 ನಮೂದು. ಸಂಖ್ಯೆ ನೋಡಿದವರೆಲ್ಲ ಭೇಷ್ ಅಂದರು.

ಒಳಗೆ ನೋಡಿದರೆ ಪರಿಸ್ಥಿತಿ ಬೇರೆ. ಇಂಗ್ಲಿಷಿನಲ್ಲಿ ‘ಟ್ಯಾಂಕ್’ ಎಂದು ಹುಡುಕಿದ್ದಕ್ಕೆ ಯುದ್ಧದ ಟ್ಯಾಂಕು, ಪೆಟ್ರೋಲ್ ಟ್ಯಾಂಕು, ಸೆಪ್ಟಿಕ್ ಟ್ಯಾಂಕು ಎಲ್ಲ ಸಾಲಾಗಿ ಬಂದಿದ್ದವು. ಇದು ನಗುವ ತಪ್ಪು. ‘ಇರಿಗೇಷನ್’ ಸೇರಿಸಿದರೆ ಸರಿಹೋಗುತ್ತದೆ. ಕನ್ನಡದ ಹುಡುಕಾಟದಲ್ಲಿ ಆದದ್ದು ಅಷ್ಟು ಸುಲಭದ್ದಲ್ಲ. ‘ಕೆರೆ’ ಎಂಬ ಎರಡಕ್ಷರ ಎಲ್ಲಿದ್ದರೂ ತಾ ಎಂದು ಕೇಳಿದರೆ ಚಳ್ಳಕೆರೆ, ಹೊಳಲ್ಕೆರೆಯ ಮೇಲೆ ಬರೆದದ್ದೆಲ್ಲ ಬರುತ್ತದೆ: ಚಳ್ಳಕೆರೆಯ ಶೇಂಗಾ ಮಾರುಕಟ್ಟೆ, ಹೊಳಲ್ಕೆರೆಯ ಜಾನಪದ, ಚುನಾವಣೆ, ಎಲ್ಲ. ಅತ್ತ ‘ದಾವಣಗೆರೆ’ ಮಾತ್ರ ಬರುವುದಿಲ್ಲ, ಅಲ್ಲಿ ಆದೇಶ ಸಂಧಿಯಾಗಿ ಕಕಾರ ಗಕಾರವಾಗಿದೆ. ಅದು ಪುಣ್ಯವೇ ಅನ್ನೋಣ. ಆದರೆ ಅದೇ ಸಂಧಿಯಿಂದಾಗಿ ‘ಗೆರೆ’ ಎಂದು ಕೊನೆಯಾಗುವ ಎಷ್ಟೋ ನಿಜವಾದ ಕೆರೆಗಳ ಹೆಸರೂ ತಪ್ಪಿಹೋಗುತ್ತವೆ. ಯಂತ್ರಕ್ಕೆ ವ್ಯಾಕರಣ ಗೊತ್ತಿಲ್ಲ. ಹುಡುಕುವವನಿಗೆ ಗೊತ್ತಿರಬೇಕು.

ಆರನೇ ವಾರದ ಸೋಮವಾರ ಸಂಶೋಧಕಿಗೆ ಪಟ್ಟಿ ತೋರಿಸಿದ. ಅವರು ಲ್ಯಾಪ್‌ಟಾಪಿನಲ್ಲಿ ಹತ್ತು ನಿಮಿಷ ಮೇಲೆ ಕೆಳಗೆ ಆಡಿಸಿ ನೋಡಿದರು. “ಇದ್ರಾಗೆ ನಾ ಓದಿರೋದೇ ಜಾಸ್ತಿ ಐತಿ ತಮ್ಮಾ. ನಂಗೆ ಗೊತ್ತಿಲ್ಲದ್ದು ಯಾವ್ದು, ಅದು ಎಲ್ಲಿ ಸಿಗ್ತದೆ ಅಂತ ಹೇಳು” ಅಂದರು. “ಅದನ್ನ ಹೆಂಗ್ ಹುಡುಕೋದಕ್ಕಾ?” ಅಂತ ಇವನು ಕೇಳಿದ. ಮೊದಲ ವಾರವೇ ಆಗಬೇಕಿದ್ದ ಮಾತುಕತೆ ಶುರುವಾದದ್ದು ಆವತ್ತು. ‘ರೆಫರೆನ್ಸ್ ಇಂಟರ್‌ವ್ಯೂ’ (ಓದುಗರಿಗೆ ನಿಜವಾಗಿ ಬೇಕಾದದ್ದೇನು ಎಂದು ಕೇಳಿ ತಿಳಿಯುವುದು) ಎಂದು ಪಠ್ಯದಲ್ಲಿ ಒಂದು ಘಟಕವೇ ಇದೆ, ಪರೀಕ್ಷೆಗೆ ಅದರ ಹಂತಗಳನ್ನು ಬಾಯಿಪಾಠ ಮಾಡುತ್ತಾರೆ. ಎದುರಿಗೆ ಓದುಗರು ಕೂತಾಗ ನೆನಪಾಗುವುದಿಲ್ಲ.

ಒಂದೂವರೆ ಗಂಟೆ ನಡೆದ ಆ ಮಾತುಕತೆಯಿಂದ ಹೊರಬಂದ ಮುಖ್ಯ ಅಂಶ ಮೂರು. ಒಂದು, ಈಚಿನ 30 ವರ್ಷದ ಇಂಗ್ಲಿಷ್ ಲೇಖನಗಳನ್ನು ಅವರು ತಾವೇ ಹುಡುಕಿಕೊಳ್ಳಬಲ್ಲರು, ಅದಕ್ಕೆ ಸಹಾಯ ಬೇಡ. ಎರಡು, ಶಾಸನಗಳ ವಿಷಯದಲ್ಲಿ ಯಾವ ಊರಿನದು ಯಾವ ಸಂಪುಟದಲ್ಲಿದೆ ಎಂಬುದೇ ಗೋಜಲು. ಮೂರು, ಕನ್ನಡದ ಬಿಡಿ ಲೇಖನಗಳು ಇವೆ ಎಂದು ಗೊತ್ತು, ಎಲ್ಲಿವೆ ಎಂದು ಗೊತ್ತಿಲ್ಲ. ಮೊದಲು ನಕಲು ನಮೂದುಗಳನ್ನು ತೆಗೆದಾಗ 338 ಹೋಗಿ 788 ಉಳಿದವು. ಆದರೆ ಅಸಲು ಪ್ರಶ್ನೆ ವ್ಯಾಪ್ತಿಯದಾಗಿತ್ತು.

ಜಿಲ್ಲೆಯೋ, ನೀರೋ

ವಿದ್ಯಾರ್ಥಿ ಹಾಕಿಕೊಂಡಿದ್ದ ಮಿತಿ ‘ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳು’. ಯಾರಾದರೂ ಹಾಗೇ ಮಾಡುತ್ತಿದ್ದರು. ಆದರೆ ದಾವಣಗೆರೆ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದವು, ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ. ಹರಪನಹಳ್ಳಿ 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಗಿ ಈಗ ವಿಜಯನಗರ ಜಿಲ್ಲೆಯಲ್ಲಿದೆ. ಆಕರಗಳು ಮಾತ್ರ ಆಯಾ ಕಾಲದ ಗಡಿಯನ್ನೇ ಹಿಡಿದು ಕೂತಿವೆ. ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿ ಬಿ. ಎಲ್. ರೈಸ್ ಹೊರತಂದ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ (ಎ.ಕ.) ಹಳೆಯ ಆವೃತ್ತಿಯಲ್ಲಿ ದಾವಣಗೆರೆ, ಜಗಳೂರು ಶಾಸನಗಳು ಚಿತ್ರದುರ್ಗದ 11ನೇ ಸಂಪುಟದಲ್ಲಿವೆ. ಹರಿಹರದ ಶಾಸನಗಳಿಗೂ ಅಲ್ಲಿ ದಾವಣಗೆರೆ ತಾಲ್ಲೂಕಿನ ಸಂಖ್ಯೆಯೇ. ಚನ್ನಗಿರಿ, ಹೊನ್ನಾಳಿ ಶಾಸನಗಳು ಶಿವಮೊಗ್ಗದ 7ನೇ ಸಂಪುಟದಲ್ಲಿ. ಹರಪನಹಳ್ಳಿ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದರಿಂದ ಈ ಮಾಲೆಯಲ್ಲಿ ಇಲ್ಲವೇ ಇಲ್ಲ. ಬಳ್ಳಾರಿ ಕಡೆಯದಕ್ಕೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ 9ನೇ ಸಂಪುಟ ತೆಗೆಯಬೇಕು. ಇದರ ಮೇಲೆ ಮೈಸೂರು ವಿಶ್ವವಿದ್ಯಾಲಯ 1972ರಿಂದ ಹೊರತಂದ ಪರಿಷ್ಕೃತ ಆವೃತ್ತಿ ಬೇರೆ. ಅದರ ಸಂಪುಟಗಳ ಹಂಚಿಕೆ ಹಳೆಯದಕ್ಕೆ ಹೊಂದುವುದಿಲ್ಲ. ಹಾಗಾಗಿ ಪ್ರಬಂಧವೊಂದರ ಅಡಿಟಿಪ್ಪಣಿಯಲ್ಲಿ ಬರೀ ‘ಎ.ಕ. 11’ ಎಂದಿದ್ದರೆ ಅದು ಯಾವ ಹನ್ನೊಂದು ಎಂದು ಕೇಳಲೇಬೇಕು. ವಿದ್ಯಾರ್ಥಿ ನೋಡಿದ ಪ್ರಬಂಧಗಳಲ್ಲಿ ಆವೃತ್ತಿ ಬರೆದವರು ಕಡಿಮೆ.

ಪ್ರಕರಣ ತಿರುಗಿದ್ದು ಸೂಳೆಕೆರೆಯಿಂದ. ಶಾಂತಿಸಾಗರ ಎಂದೂ ಕರೆಯುವ ಈ ಕೆರೆ ಚನ್ನಗಿರಿ ತಾಲ್ಲೂಕಿನಲ್ಲಿದೆ. ಅಲ್ಲಿಂದ ಹೊರಡುವ ಹರಿದ್ರಾ ಹರಿಹರದ ಹತ್ತಿರ ತುಂಗಭದ್ರೆಗೆ ಸೇರುತ್ತದೆ. ಹರಿಹರದ 1410ರ ಶಾಸನ ಇದೇ ಹರಿದ್ರಾಕ್ಕೆ ಕಟ್ಟೆ ಕಟ್ಟಿ, ನೀರು ಬೀಳುವ ಭೂಮಿಯನ್ನು ದೇವರಿಗೂ ಬ್ರಾಹ್ಮಣರಿಗೂ ಪಾಲು ಮಾಡಿದ್ದನ್ನು ಹೇಳುತ್ತದೆ; ಆ ಕಟ್ಟೆ ಒಡೆದು 1424ರಲ್ಲಿ ದುರಸ್ತಿಯಾದದ್ದಕ್ಕೆ ಇನ್ನೊಂದು ಶಾಸನವಿದೆ. ನೀರಿನ ನಿರ್ವಹಣೆಯ ಬಗ್ಗೆ ಇದಕ್ಕಿಂತ ನೇರವಾದ ಸಾಕ್ಷಿ ಈ ಸೀಮೆಯಲ್ಲಿ ಸಿಗುವುದು ಕಷ್ಟ. ಈಗ ಗ್ರಂಥಸೂಚಿಯ ಕಣ್ಣಿಂದ ನೋಡಿ: ಕೆರೆ 7ನೇ ಸಂಪುಟದ ತಾಲ್ಲೂಕಿನಲ್ಲಿ, ಅದರ ಕೋಡಿ ನೀರಿನ ಶಾಸನ 11ನೇ ಸಂಪುಟದಲ್ಲಿ. ತಾಲ್ಲೂಕುವಾರು ಜೋಡಿಸಿದ ಪಟ್ಟಿಯಲ್ಲಿ ಇವೆರಡರ ನಡುವೆ ಅರವತ್ತು ನಮೂದು ಬಂದು ಕೂತಿದ್ದವು. ಓದುವವರಿಗೆ ಸಂಬಂಧವೇ ಕಾಣುತ್ತಿರಲಿಲ್ಲ.

ಜಿಲ್ಲೆ ಕೈಬಿಟ್ಟು ಜಲಾನಯನವನ್ನೇ ವ್ಯಾಪ್ತಿಯಾಗಿ ಇಟ್ಟುಕೊಳ್ಳೋಣ ಎಂದದ್ದು ಸಂಶೋಧಕಿ. ಗೈಡ್‌ಗೆ ಅಳುಕಿತ್ತು: ಡಿಸರ್ಟೇಶನ್ ಶೀರ್ಷಿಕೆ ನೋಂದಣಿಯಾಗಿ ಹೋಗಿದೆ, ಆಡಳಿತ ಘಟಕ ಬಿಟ್ಟರೆ ಪರೀಕ್ಷಕರು ಪ್ರಶ್ನಿಸುತ್ತಾರೆ. ಶೀರ್ಷಿಕೆ ಹಾಗೇ ಇಟ್ಟು ವ್ಯಾಪ್ತಿಯ ವಿವರಣೆಯಲ್ಲಿ ಒಂದು ಪುಟ ಸಮರ್ಥನೆ ಬರೆಯುವುದು ಎಂದು ಒಪ್ಪಂದವಾಯಿತು. ಕೆಲಸ ಹಳ್ಳ ಹಿಡಿಯಿತು ಅನ್ನುವುದು ನಮ್ಮಲ್ಲಿ ಕೆಟ್ಟ ಮಾತು. ಇಲ್ಲಿ ಹಳ್ಳ ಹಿಡಿದದ್ದರಿಂದಲೇ ಕೆಲಸ ಉಳಿಯಿತು.

ಎರಡು ಭಾಗವಾದವು: ಹರಿದ್ರಾ, ವೇದಾವತಿ. ವೇದಾವತಿಯನ್ನು ಮೇಲಕ್ಕೆ ಹಿಡಿದು ಹೋದರೆ ಸಖರಾಯಪಟ್ಟಣದ ಅಯ್ಯನಕೆರೆ ಸಿಗುತ್ತದೆ, ಅದು ಚಿಕ್ಕಮಗಳೂರು ಜಿಲ್ಲೆ. ಅಂದರೆ ರೈಸ್ ಅವರ ಕಡೂರು ಸಂಪುಟ, 6ನೆಯದು, ಅದೂ ಪಟ್ಟಿಗೆ ಬಂತು. ಎರಡೂ ಹರಿವಿನ ಹೊರಗಿದ್ದ 517 ನಮೂದುಗಳನ್ನು ತೆಗೆದಾಗ 271 ಉಳಿದವು. ಮೂರನೇ ಎರಡು ಪಾಲು ಕಸ ಎನ್ನುವುದನ್ನು ಒಪ್ಪಲು ವಿದ್ಯಾರ್ಥಿಗೆ ಮೂರು ದಿನ ಬೇಕಾಯಿತು. ಅಳಿಸದೆ ಬೇರೆ ಫೋಲ್ಡರಿಗೆ ಸರಿಸಿದ. ಮತ್ತೆ ಆ ಫೋಲ್ಡರ್ ತೆರೆದದ್ದು ಎರಡೇ ಸಲ.

ಅಭಿನಂದನ ಗ್ರಂಥಗಳ ಹೊಟ್ಟೆಯೊಳಗೆ

ಕನ್ನಡದಲ್ಲಿ ಸ್ಥಳೀಯ ಇತಿಹಾಸದ ಒಳ್ಳೆಯ ಲೇಖನ ಪತ್ರಿಕೆಗಳಲ್ಲಿ ಇರುವಷ್ಟೇ ಅಭಿನಂದನ ಗ್ರಂಥ, ಸಂಸ್ಮರಣ ಸಂಪುಟ, ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗಳಲ್ಲಿ ಇರುತ್ತದೆ. ಕ್ಯಾಟಲಾಗಿನಲ್ಲಿ ಗ್ರಂಥದ ಹೆಸರಷ್ಟೇ ಕಾಣುವುದು. ಒಳಗಿನ 40 ಲೇಖನಗಳಲ್ಲಿ ಒಂದು ತೂಬಿನ ಶಾಸನದ ಮೇಲಿದ್ದರೆ ಅದು ಯಾವ ಹುಡುಕಾಟಕ್ಕೂ ಸಿಗುವುದಿಲ್ಲ. ಕ್ಯಾಟಲಾಗರ್‌ಗಳು ಒಳಲೇಖನಕ್ಕೆ ವಿಶ್ಲೇಷಣಾ ನಮೂದು ಮಾಡಬಹುದು, ಕಂಪ್ಯೂಟರ್ ಕ್ಯಾಟಲಾಗಿನ ದಾಖಲೆ ಮಾದರಿಯಾದ ಮಾರ್ಕ್ 21ರಲ್ಲಿ ಅದಕ್ಕೆ 773 ಎಂಬ ಕ್ಷೇತ್ರವೇ ಇದೆ. ಸಿಬ್ಬಂದಿ ಇಲ್ಲದ ಕಡೆ ಯಾರು ಮಾಡುತ್ತಾರೆ?

ಹಾಗಾಗಿ ಕಪಾಟಿನ ಮುಂದೆ ನಿಲ್ಲುವುದೊಂದೇ ದಾರಿ. ಏಳು ದಿನ, ಮೂರು ಗ್ರಂಥಾಲಯ. ಪ್ರತಿ ಸಂಪುಟದ ಪರಿವಿಡಿ ತೆರೆದು ಕಣ್ಣಾಡಿಸುವುದು. ಇಲ್ಲಿ ‘ಕೆರೆ’ ಒಂದನ್ನೇ ನೋಡಿದರೆ ಸಾಲದು. ಸಂಶೋಧಕಿ ಒಂದು ಚೀಟಿ ಬರೆದುಕೊಟ್ಟಿದ್ದರು: ಕಟ್ಟೆ, ತೂಬು, ಕೋಡಿ, ಏರಿ, ಕಾಲುವೆ, ಬಿತ್ತುವಟ್ಟ, ಕಟ್ಟುಕೊಡಗೆ, ನೀರುಗಂಟಿ, ಹೂಳು. ಚೀಟಿಯನ್ನು ಎಡಗೈಲಿ ಹಿಡಿದು ಬಲಗೈಲಿ ಪುಟ ತಿರುವುತ್ತಾ ಹೋದ. ಬಿತ್ತುವಟ್ಟ ಎಂದರೆ ಕೆರೆಯ ಕೆಲಸಕ್ಕೆ ಬಿಟ್ಟುಕೊಟ್ಟ ಭೂಮಿ ಎಂದು ಗೊತ್ತಿಲ್ಲದಿದ್ದರೆ ‘ದಾನಶಾಸನಗಳ ಒಂದು ಅವಲೋಕನ’ ಎಂಬ ಶೀರ್ಷಿಕೆಯ ಲೇಖನವನ್ನು ದಾಟಿಕೊಂಡೇ ಹೋಗುತ್ತಿದ್ದ. ಒಟ್ಟು 58 ಹೊಸ ನಮೂದು ಸಿಕ್ಕವು, 329 ಆಯಿತು. ನಮ್ಮ ಲೆಕ್ಕದಲ್ಲಿ ಇಡೀ ಗ್ರಂಥಸೂಚಿಯ ಬೆಲೆ ಇರುವುದು ಈ 58ರಲ್ಲಿ. ಉಳಿದದ್ದನ್ನು ಸಂಶೋಧಕಿ ಇಂದಲ್ಲ ನಾಳೆ ತಾವೇ ಕಾಣುತ್ತಿದ್ದರು.

ಕಂಡದ್ದು, ಕಾಣದ್ದು

ಗೈಡ್ ಹಾಕಿದ ನಿಯಮ ಕಟ್ಟುನಿಟ್ಟು: ಪುಸ್ತಕವನ್ನೋ ಅದರ ಸ್ಕ್ಯಾನ್ ಪ್ರತಿಯನ್ನೋ ಕಣ್ಣಾರೆ ನೋಡದೆ ನಮೂದು ಅಂತಿಮವಾಗಕೂಡದು, ನೋಡಲಾಗದೆ ಇದ್ದರೆ ಎದುರಿಗೆ ಚುಕ್ಕಿ ಗುರುತು, ಜೊತೆಗೆ ಆ ವಿವರ ಎಲ್ಲಿಂದ ಬಂತು ಎಂಬ ಮಾತು.

ವಿದ್ಯಾರ್ಥಿ ಮೊದಲ ಸುತ್ತಿನಲ್ಲಿ ಮೊಬೈಲಿನಲ್ಲಿ ಮುಖಪುಟ ಮಾತ್ರ ತೆಗೆದುಕೊಂಡು ಬಂದ. ಅರ್ಧಕ್ಕರ್ಧ ಉಪಯೋಗಕ್ಕೆ ಬರಲಿಲ್ಲ. ಹಳೆಯ ಪುಸ್ತಕಗಳಿಗೆ ಗ್ರಂಥಾಲಯದ ಬೈಂಡಿಂಗ್ ಆಗಿರುತ್ತದೆ, ಮೂಲ ಮುಖಪುಟವೇ ಇರುವುದಿಲ್ಲ. ಒಂದು ಕಡೆ ಕೆಂಪು ಕ್ಯಾಲಿಕೋ ಬೈಂಡಿನ ಬೆನ್ನಿಗೆ ಒಂದೇ ವರ್ಷ ಅಚ್ಚಾಗಿತ್ತು. ಒಳಗೆ ಎರಡು ವರ್ಷದ ವರದಿ ಸೇರಿಸಿ ಹೊಲಿದಿದ್ದರು, ಎರಡನೆಯದರ ಶೀರ್ಷಿಕೆ ಪುಟ ಕಟ್ಟರಿಗೆ ಸಿಕ್ಕಿ ಅರ್ಧ ಹೋಗಿತ್ತು. ಎರಡನೇ ಸುತ್ತಿನಿಂದ ಪ್ರತಿ ಪುಸ್ತಕಕ್ಕೆ ನಾಲ್ಕು ಫೋಟೊ ಎಂದಾಯಿತು: ಶೀರ್ಷಿಕೆ ಪುಟ, ಅದರ ಹಿಂಬದಿ, ಪರಿವಿಡಿ, ಸಂಖ್ಯೆ ಇರುವ ಕೊನೆಯ ಪುಟ. ಐದನೆಯದಾಗಿ ಕಾಲ್ ನಂಬರಿನ ಚೀಟಿ, ಅದು ಓದುಗರಿಗೆ.

ಪರಿಶೀಲನೆಯಲ್ಲಿ ಅತಿ ಹೆಚ್ಚು ಹೊತ್ತು ತಿಂದದ್ದು ಒಂದು ಆಡಳಿತ ವರದಿ. ನಾಲ್ಕು ಪ್ರಬಂಧಗಳು ಅದನ್ನು ಉಲ್ಲೇಖಿಸಿದ್ದವು, ನಾಲ್ಕರಲ್ಲೂ ಒಂದೇ ವರ್ಷ, ಒಂದೇ ಪುಟ. ನಾಲ್ಕು ಜನ ಹೇಳಿದ ಮೇಲೆ ಸರಿಯೇ ಇರಬೇಕು ಅಂದುಕೊಳ್ಳುವುದು ಸಹಜ. ಆ ವರ್ಷದ ವರದಿ ತೆರೆದರೆ ಆ ಪುಟದಲ್ಲಿ ಅಬಕಾರಿ ಲೆಕ್ಕ ಇತ್ತು, ಕೆರೆಯ ಸುದ್ದಿಯೇ ಇಲ್ಲ. ಹಿಂದಿನ ವರ್ಷದ್ದರಲ್ಲಿ ಸಿಕ್ಕಿತು. ಆಗಿದ್ದು ಇಷ್ಟೇ: ಇಂಥ ವರದಿಗಳು ಯಾವ ವರ್ಷದ ಕೆಲಸವನ್ನು ಹೇಳುತ್ತವೋ ಅದೊಂದು, ಅಚ್ಚಾದ ವರ್ಷ ಇನ್ನೊಂದು. ಮೊದಲು ಬರೆದವರು ಅಚ್ಚಿನ ವರ್ಷ ಕೊಟ್ಟಿದ್ದರು, ತಪ್ಪಲ್ಲ. ಎರಡನೆಯವರು ಅದನ್ನೇ ವರದಿಯ ವರ್ಷ ಎಂದು ಓದಿಕೊಂಡರು. ಉಳಿದಿಬ್ಬರು ಎರಡನೆಯವರನ್ನು ನೋಡಿ ಬರೆದರು, ವರದಿಯನ್ನು ನೋಡಿರಲಿಲ್ಲ. ಅಂದಿನಿಂದ ಪಟ್ಟಿಯಲ್ಲಿ ಎರಡು ವರ್ಷವನ್ನೂ ಬೇರೆ ಬೇರೆ ಕೊಡುವುದಾಯಿತು.

ಈ ಹಂತದಲ್ಲಿ 74 ನಮೂದು ಬಿದ್ದುಹೋದವು. ಕೆಲವು ಬೇರೆ ಶೀರ್ಷಿಕೆಯಲ್ಲಿ ಬಂದ ಅದೇ ಲೇಖನ, ಕೆಲವುದರಲ್ಲಿ ಕೆರೆ ಒಂದು ಸಾಲಿಗಿಂತ ಹೆಚ್ಚು ಇರಲಿಲ್ಲ, ಕೆಲವು ಎಲ್ಲೂ ಇರಲೇ ಇಲ್ಲ. ಉಳಿದದ್ದು 255: ನೋಡಿದ್ದು 216, ಚುಕ್ಕಿ ಬಿದ್ದದ್ದು 39.

ಅಕ್ಷರದ ಕಾಟ

ವೇಳಾಪಟ್ಟಿ ತಪ್ಪಿದ್ದು ಇಲ್ಲಿ. ಸಂಶೋಧಕಿಯ ಹಳೆಯ ಟಿಪ್ಪಣಿ ‘ನುಡಿ’ ತಂತ್ರಾಂಶದ, ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಅಕ್ಷರದಲ್ಲಿತ್ತು. ಝೊಟೆರೊಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ. ಶೋಧಗಂಗಾದಲ್ಲಿ ಸಿಕ್ಕ ಎಷ್ಟೋ ಕನ್ನಡ ಪ್ರಬಂಧಗಳ ಪಿಡಿಎಫ್ ಕೂಡ ಹಾಗೆಯೇ: ಕಣ್ಣಿಗೆ ಕನ್ನಡ, ಒಳಗೆ ಬೇರೆ. ಅದರೊಳಗೆ ‘ತೂಬು’ ಎಂದು ಹುಡುಕಿದರೆ ಏನೂ ಇಲ್ಲ ಎನ್ನುತ್ತದೆ. ಪರಿವರ್ತಕದಲ್ಲಿ ಹಾಕಿದರೆ ಬಹುಪಾಲು ಸರಿಯಾಗುತ್ತದೆ, ಅರ್ಕಾವತ್ತು ಮತ್ತು ಮೂರಕ್ಷರದ ಒತ್ತುಗಳಲ್ಲಿ ಕೆಡುತ್ತದೆ. ‘ಚಿತ್ರದುರ್ಗ’ದಲ್ಲೇ ಅರ್ಕಾವತ್ತಿನ ಅಪಾಯ ಇದೆ, ನೋಡಿ.

ಇನ್ನೊಂದು ಕಣ್ಣಿಗೆ ಕಾಣದ ತೊಂದರೆ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ. ಟೈಪ್ ಮಾಡಿದವರು ‘ತುಂಗಭದ್ರಾ’ಕ್ಕೆ ಸೊನ್ನೆ ಒತ್ತಿದ್ದರೆ ಪರದೆಯ ಮೇಲೆ ವ್ಯತ್ಯಾಸ ತಿಳಿಯುವುದಿಲ್ಲ, ಹುಡುಕಾಟದಲ್ಲಿ ಮಾತ್ರ ಸಿಗುವುದಿಲ್ಲ, ಅಕಾರಾದಿಯಲ್ಲೂ ಜಾಗ ತಪ್ಪುತ್ತದೆ. ಎರಡು ಅಕ್ಷರಗಳ ನಡುವೆ ಬಂದ ಸೊನ್ನೆಯನ್ನೆಲ್ಲ ಒಂದೇ ಸಲ ಬದಲಿಸಿ ಇದನ್ನು ಸರಿಮಾಡಿದರು. ‘ಎಚ್.’ ಮತ್ತು ‘ಹೆಚ್.’ ಜಗಳವನ್ನು ಹಾಗೆ ಬಿಡಿಸಲಾಗಲಿಲ್ಲ. ಒಬ್ಬರೇ ಲೇಖಕರು ತಮ್ಮ ಪುಸ್ತಕಗಳಲ್ಲೇ ಎರಡೂ ಬಗೆಯಲ್ಲಿ ಅಚ್ಚಾಗಿರುತ್ತಾರೆ. ‘ಎಚ್.’ ಎಂದು ನಿಗದಿ ಮಾಡಿ, ಇನ್ನೊಂದರಡಿ ‘ಎಚ್. ನೋಡಿ’ ಎನ್ನುವ ನೋಡಿ-ನಮೂದು ಕೊಟ್ಟರು.

ಝೊಟೆರೊ ನಕಲುಗಳನ್ನು ಗುರುತಿಸುವುದು ಶೀರ್ಷಿಕೆ ಮತ್ತು ಲೇಖನ, ಪುಸ್ತಕಗಳ ಗುರುತು ಸಂಖ್ಯೆಗಳಾದ ಡಿಒಐ, ಐಎಸ್‌ಬಿಎನ್ ನೋಡಿ. ಒಂದೇ ಪುಸ್ತಕ ಒಂದು ಕಡೆ ಕನ್ನಡ ಲಿಪಿಯಲ್ಲಿ, ಇನ್ನೊಂದು ಕಡೆ ರೋಮನ್ ಲಿಪಿಯಲ್ಲಿ ಬಂದಿದ್ದು ಐಎಸ್‌ಬಿಎನ್ ಇಲ್ಲದಿದ್ದರೆ ಅದಕ್ಕೆ ಎರಡೂ ಬೇರೆ. ಹಳೆಯ ಕನ್ನಡ ಪುಸ್ತಕಕ್ಕೆ ಐಎಸ್‌ಬಿಎನ್ ಎಲ್ಲಿಂದ ಬರಬೇಕು? ಕೂತು ಒಂದೊಂದೇ ನೋಡಿದರು. ಈ ಶುದ್ಧೀಕರಣಕ್ಕೆ ಇಟ್ಟಿದ್ದು 4 ದಿನ, ಹಿಡಿದದ್ದು 13 ದಿನ. ಟಿಪ್ಪಣಿಗೆ ಇದ್ದ ಮೂರು ವಾರ ಒಂದೂವರೆಗೆ ಇಳಿಯಿತು.

ಆಗ ತೆಗೆದುಕೊಂಡ ತೀರ್ಮಾನ ಸರಿಯಾದದ್ದು ಎಂದೇ ನಮ್ಮ ಅಭಿಪ್ರಾಯ: ಎಲ್ಲದಕ್ಕೂ 50 ಪದದ ಟಿಪ್ಪಣಿ ಬೇಡ. 120 ನಮೂದಿಗೆ ಪೂರ್ತಿ ಟಿಪ್ಪಣಿ, ಉಳಿದದ್ದಕ್ಕೆ ಒಂದು ಸಾಲು. ಟಿಪ್ಪಣಿಯಲ್ಲಿ ‘ಉತ್ತಮ ಕೃತಿ’, ‘ಸಮಗ್ರ ಅಧ್ಯಯನ’ ಮುಂತಾದ ಮಾತಿಗೆ ಜಾಗವಿಲ್ಲ. ರೈಸ್ ಅವರ 11ನೇ ಸಂಪುಟಕ್ಕೆ ಕೊನೆಗೆ ಉಳಿದದ್ದು ಹೀಗಿತ್ತು: “ಹಳೆಯ ಆವೃತ್ತಿ. ಕನ್ನಡ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಮೂರೂ ಇವೆ. ಶಾಸನ ಸಂಖ್ಯೆ ಪ್ರತಿ ತಾಲ್ಲೂಕಿಗೂ 1ರಿಂದ ಶುರು. ತಾಲ್ಲೂಕಿನ ಹೆಸರಿಲ್ಲದೆ ಸಂಖ್ಯೆ ಮಾತ್ರ ಉಲ್ಲೇಖಿಸಬೇಡಿ. ಹರಿಹರ ಬೇಕಾದರೆ ದಾವಣಗೆರೆ ತಾಲ್ಲೂಕಿನಲ್ಲಿ ನೋಡಿ. ಚನ್ನಗಿರಿ ಇಲ್ಲಿಲ್ಲ.”

ಆಮೇಲೆ

ಮೌಖಿಕ ಪರೀಕ್ಷೆಯಲ್ಲಿ ಹೆಚ್ಚಿನ ಹೊತ್ತು ಹೋದದ್ದು ಎಪಿಎ ಎಂಬ ಉಲ್ಲೇಖ ಶೈಲಿಯ ಮೇಲೆ. ಕನ್ನಡ ಲೇಖಕರ ಹೆಸರನ್ನು ಯಾಕೆ ತಿರುಗಿಸಿ ಬರೆದಿಲ್ಲ, ಎರಡೆರಡು ವರ್ಷ ಯಾಕೆ ಕೊಟ್ಟಿದೆ ಎಂದು ಕೇಳಿ ಅಂಕ ಕಡಿದರು. ವ್ಯಾಪ್ತಿಯ ಒಂದು ಪುಟದ ಸಮರ್ಥನೆಯ ಬಗ್ಗೆ ಯಾರೂ ಏನೂ ಕೇಳಲಿಲ್ಲ. ನಮ್ಮ ವಿಭಾಗಗಳಲ್ಲಿ ಗ್ರಂಥಸೂಚಿ ಎಂದರೆ ಅಲ್ಪವಿರಾಮ, ಪೂರ್ಣವಿರಾಮದ ಶಿಸ್ತು ಎಂಬ ತಿಳಿವಳಿಕೆ ಇರುವವರೆಗೆ ಹೀಗೇ ಆಗುತ್ತದೆ. ಓದುಗರ ಸಮಯ ಉಳಿಸು ಎಂದು ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯ ವಿಜ್ಞಾನದ ತಮ್ಮ ಐದು ಸೂತ್ರಗಳಲ್ಲಿ ನಾಲ್ಕನೆಯದಾಗಿ ಇಟ್ಟರು. ಅದರ ಮೇಲೆ ಹತ್ತು ಅಂಕದ ಪ್ರಶ್ನೆಯೂ ಪ್ರತಿ ವರ್ಷ ಬರುತ್ತದೆ.

ಆರು ತಿಂಗಳ ನಂತರ ಏನು ಬಳಕೆಯಾಯಿತು ಎಂದು ಸಂಶೋಧಕಿಯನ್ನು ಕೇಳಿದಾಗ ಸಿಕ್ಕ ಉತ್ತರ ವಿದ್ಯಾರ್ಥಿಗೂ ಗೈಡ್‌ಗೂ ಅನಿರೀಕ್ಷಿತ. 255ರಲ್ಲಿ ಅವರು ತೆರೆದದ್ದು 90ರ ಆಸುಪಾಸು. ಅತಿ ಹೆಚ್ಚು ತಿರುವಿದ್ದು ಕೊನೆಯ ಆರು ಪುಟದ ಕೋಷ್ಟಕ. ಮುದ್ರಣಕ್ಕೆ ಕೊಡುವ ಹಿಂದಿನ ದಿನ ಅವಸರದಲ್ಲಿ ಸೇರಿಸಿದ್ದು ಅದು: ಕೆರೆಯ ಈಗಿನ ಹೆಸರು, ಹಳೆಯ ಹೆಸರು, ಇಂಗ್ಲಿಷ್ ದಾಖಲೆಗಳ ಕಾಗುಣಿತಗಳು, ಈಗಿನ ತಾಲ್ಲೂಕು, 1997ರ ಹಿಂದಿನ ಜಿಲ್ಲೆ, ಹಳೆಯ ಆವೃತ್ತಿಯ ಸಂಪುಟ, ಹೊಸ ಆವೃತ್ತಿಯ ಸಂಪುಟ. ಚಿತ್ರದುರ್ಗ ಒಂದಕ್ಕೇ ಚಿತಲ್‌ಡ್ರೂಗ್, ಚಿತಲ್‌ದ್ರುಗ್ ಎಂದು ಬೇರೆ ಬೇರೆ ರೂಪ ಇದ್ದವು. ಕೋಷ್ಟಕದ ಫೋಟೊ ಅವರ ಮೊಬೈಲಿನಲ್ಲೇ ಇತ್ತು.

ಮುಂದಿನ ಬ್ಯಾಚಿನಲ್ಲಿ ಇಂಥ ಪ್ರಾಜೆಕ್ಟ್ ಆರಿಸಿಕೊಂಡ ಇಬ್ಬರಿಗೆ ಗೈಡ್ ಕ್ರಮ ತಿರುಗಿಸಿದರು. ಮೊದಲ ವಾರ ಓದುಗರ ಜೊತೆ ಕೂರುವುದು, ಎರಡನೇ ವಾರ ಹೆಸರು-ಗಡಿಗಳ ಕೋಷ್ಟಕ, ಆಮೇಲೆ ಹುಡುಕಾಟ. ಅಕ್ಷರ ಶುದ್ಧೀಕರಣಕ್ಕೆ ಎರಡು ವಾರ. 300 ನಮೂದು ದಾಟಿದರೆ ನಿಲ್ಲಿಸಿ ಬಂದು ಕಾಣಬೇಕು.

ಚುಕ್ಕಿ ಬಿದ್ದ 39ರ ಪಟ್ಟಿಯನ್ನೂ ಅವರಿಗೇ ಕೊಟ್ಟರು. ಬೆಂಗಳೂರಿಗೆ ಎರಡು ಸಲ ಹೋಗಿ ಬಂದ ಮೇಲೆ 21 ಸಿಕ್ಕವು, 7 ಇಲ್ಲವೇ ಇಲ್ಲ ಎಂದು ಖಚಿತವಾಯಿತು. ಉಳಿದ 11ರಲ್ಲಿ ಒಂದು ಹಿರಿಯೂರು ಕಡೆಯ ಕೆರೆಗಳ ಮೇಲಿನ ಲೇಖನ, ಸ್ಮರಣ ಸಂಚಿಕೆಯೊಂದರಲ್ಲಿ ಬಂದದ್ದು. ಮೂವರು ಅದನ್ನು ಉಲ್ಲೇಖಿಸಿದ್ದಾರೆ, ಮೂವರೂ ಒಂದೇ ಪುಟ ಸಂಖ್ಯೆ ಕೊಟ್ಟಿದ್ದಾರೆ. ಚುಕ್ಕಿ ಹಾಗೇ ಇದೆ.